ಬರ್ತೀನಿ ಅಂದವರನ್ನು ಬಿಡದ ಆಟ

ನನ್ನ ಮೊಮ್ಮಗಳು ಪಾರೂಗೆ ಕೆಲಸ ಸಿಕ್ಕಿತು. ಅದೂ ನಾನು ಆರು ವರ್ಷ ದುಡಿದ ಕಚೇರಿಯಲ್ಲೇ, ಇಲ್ಲೇ ಬೆಳಗಾವಿಯ ಅನಗೋಳದಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಬರುವ ಸೋಮವಾರ ಹಾಜರಾಗಬೇಕು. ಸುದ್ದಿ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಕೊಟ್ಟೆ. ಕರೆಂಟ್ ಬಿಲ್ಲು ಹಿಡಿದು ಬಂದವನಿಗೂ ಕೊಟ್ಟೆ. ಯಾರದೋ ಪಾರ್ಸೆಲ್ ತೆಗೆದುಕೊಂಡು ವಿಳಾಸ ತಪ್ಪಿ ಬಂದವನಿಗೆ ಎರಡು ಕೊಟ್ಟೆ. ಪಾಪ, ಅವನ ದಿನ ಚೆನ್ನಾಗಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮನೆಯವರು, “ಇನ್ನ ಉಳದಾವೇನ, ಇಲ್ಲಾ ನಾನೂ ವಿಳಾಸ ತಪ್ಪಿ ಬರ್ಲಿ?” ಅಂದರು.

ನಾನು ಓದಿದ್ದು ಖಾನಾಪುರದ ಸಾಲೆಯಲ್ಲಿ ಮೂರನೇ ಇಯತ್ತೆವರೆಗೆ. ಆದ್ದರಿಂದ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಕಾಗುಣಿತವನ್ನು ಪಕ್ಕದ ಮನೆಯ ರಿಟೈರ್ಡ್ ಮಾಸ್ತರರು ತಿದ್ದುತ್ತಾರೆ. ಮಾತನ್ನು ತಿದ್ದಲು ಹೋಗಿದ್ದರು, ನಾನು ವಹಿ ಕಸಿದುಕೊಂಡೆ.

ಕಚೇರಿಯಲ್ಲಿ ಮಾಡುವುದು ಮೊಬೈಲ್ ಆಟಗಳನ್ನು. ಪಾರೂಗೆ ಕೊಟ್ಟಿರುವುದು ಆಟದೊಳಗಿನ ಮಾತು ಬರೆಯುವ ಕೆಲಸ: ಯಾವ ಗುಂಡಿಯ ಮೇಲೆ ಏನು ಇರಬೇಕು, ಆಡುವವರಿಗೆ ಯಾವಾಗ ಏನು ಹೇಳಬೇಕು. ನನ್ನ ದೊಡ್ಡ ತಪ್ಪು ನಡೆದದ್ದು ಅದೇ ಜಾಗದಲ್ಲಿ. ಒಂದು ಗುಂಡಿಯ ಮೇಲೆ ಒಂದು ಶಬ್ದ. ಆ ಒಂದು ಶಬ್ದದಿಂದ ನನ್ನ ಸ್ವಂತ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಳು, ಒಂದು ಎಮ್ಮೆಯ ಕೆಚ್ಚಲು ಬಾತಿತ್ತು. ಹುಡುಗಿ ಆ ಕುರ್ಚಿಯಲ್ಲಿ ಕೂರುವ ಮೊದಲು ಇಷ್ಟು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಅವಳ ಜೊತೆ ಸೇರುವ ಉಳಿದ ಮಕ್ಕಳೂ ಓದಿದರೆ ಸಂತೋಷ. ಪೇಢೆ ಮಾತ್ರ ಮುಗಿದಿವೆ.

ಮೊದಲು ನಾನು ರವಿವಾರ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ತೊಗರಿಯೊಳಗಿನ ಕಲ್ಲು ಆರಿಸುವುದು. ಇಪ್ಪತ್ತೆರಡು ವರ್ಷ ಆರಿಸಿದೆ. ಆಮೇಲೆ ಅದಕ್ಕೆ ಮಷೀನು ಬಂತು. ಸೇಠರು, “ಮಷೀನ್ ಬಂದೈತಿ ಬಾಯಿ, ನೀವು ಇನ್ನ ಆರಾಮ ಇರ್ರಿ” ಅಂದರು. ನಾನು ಎಂಟು ದಿನ ಆರಾಮ ಇದ್ದೆ. ಒಂಬತ್ತನೆಯ ದಿನ, ಎರಡು ಓಣಿ ಆಚೆ ಹೊಸ ಕಚೇರಿಯಲ್ಲಿ ಚಹಾ ಮಾಡಲು ಹೆಣ್ಣುಮಗಳು ಬೇಕಂತೆ ಅಂತ ತಿಳಿದು ಅಲ್ಲಿ ಹೋಗಿ ನಿಂತೆ.

ಕಚೇರಿ ಅಂದರೆ ಮಾಳಿಗೆ ಮೇಲಿನ ಎರಡು ಕೋಣೆ. ಒಡೆಯರು ಕಿರಣ ಸಾಹೇಬರು, ಬೆಳಗಾವಿಯವರೇ, ಸಣ್ಣ ವಯಸ್ಸು, ಒಳ್ಳೆಯ ಮನುಷ್ಯ. ಒಂದು ದಿನವೂ ಗಟ್ಟಿ ದನಿಯಲ್ಲಿ ಮಾತಾಡಲಿಲ್ಲ. ಅವರ ಟೇಬಲ್ ಮೇಲಿನ ಕಂಪ್ಯೂಟರಿನಲ್ಲಿ ಯಾವಾಗಲೂ ಒಂದು ಗೆರೆ ಇರುತ್ತಿತ್ತು. ಗೆರೆ ಮೇಲೆ ಹೋದರೆ ಎರಡು ಕಪ್ಪು ಚಹಾ ಕುಡಿಯುತ್ತಿದ್ದರು, ಕೆಳಗೆ ಬಂದರೆ ಚಹಾ ಆರಿಹೋಗುತ್ತಿತ್ತು. ಜನ ಎಷ್ಟು ಹೊತ್ತು ಆಟ ಬಿಡದೆ ಆಡುತ್ತಾರೆ ಅನ್ನುವ ಗೆರೆಯಂತೆ ಅದು. ನಾನು ಗೆರೆ ನೋಡಿಯೇ ಹಾಲು ಎಷ್ಟು ಕಾಯಿಸಬೇಕು ಅಂತ ತಿಳಿದುಕೊಳ್ಳುತ್ತಿದ್ದೆ.

ಒಂದು ದಿನ ಚಹಾ ಇಟ್ಟು ಹೊರಟಿದ್ದೆ. ಸಾಹೇಬರು ನನ್ನನ್ನು ಕರೆದು ಕೈಗೆ ಫೋನ್ ಕೊಟ್ಟರು. ಅಲ್ಲಿ ಎಲ್ಲರಿಗೂ ನಾನು ಆಯಿ, ಅಂದರೆ ಅಜ್ಜಿ.

“ಆಯಿ, ಈ ಜಾಹೀರಾತ ಬಂದ್ ಮಾಡ್ರಿ ನೋಡೂಣು.”

ಮೂಲೆಯಲ್ಲಿ ಒಂದು ಎಕ್ಸ್ ಗುರುತು ಇತ್ತು. ಒತ್ತಿದೆ. ಬಂದ್ ಆಯಿತು.

“ಎಷ್ಟ ಲಗೂನ ಸಿಕ್ತಲ್ಲ!” ಅಂದರು.

ಮರುದಿನದಿಂದ ನನ್ನ ಕೆಲಸ ಬದಲಾಯಿತು. ಹೆಸರು ‘ಆಯಿ ಪರೀಕ್ಷೆ’. ಹೊಸದಾಗಿ ಏನೇ ಮಾಡಿದರೂ ಮೊದಲು ನನ್ನ ಕೈಗೆ ಬರುತ್ತಿತ್ತು. ಮೂರನೇ ಇಯತ್ತೆ ಓದಿದ ಆಯಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಅನ್ನುವುದಕ್ಕೆ ಈ ಪರೀಕ್ಷೆ ಅಂತ ನಾನು ಅಂದುಕೊಂಡಿದ್ದೆ. ಎಕ್ಸ್ ಗುರುತನ್ನು ಹುಡುಕುವುದು ನನಗೆ ಬಹಳ ಸೇರಿತ್ತು. ತೊಗರಿಯಷ್ಟಿತ್ತು, ಹುಡುಕಿದೆ. ಮುಂದಿನ ವಾರ ಸಾಸಿವೆಯಷ್ಟು ಮಾಡಿದ್ದರು, ಹುಡುಕಿದೆ. ಆಮೇಲೆ ಗಸಗಸೆಯಷ್ಟು, ಅದೂ ಬಿಳಿಯ ಮೇಲೆ ಬಿಳಿ. ಅದನ್ನೂ ಹುಡುಕಿದೆ. ಕಲ್ಲು ಆರಿಸಿದ ಕಣ್ಣು. ಪ್ರತಿ ಸಲ ಸಾಹೇಬರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ. ಪ್ರತಿ ಸಲ ಅವರು ಒಂದು ನಿಟ್ಟುಸಿರು ಬಿಟ್ಟು, “ಇನ್ನೂ ಸಣ್ಣದ ಮಾಡಬೇಕ ನೋಡ್ರಿ” ಅಂತ ಆ ಕಡೆ ತಿರುಗುತ್ತಿದ್ದರು.

ನಾನು ಪಾಸಾದರೆ ಅವರು ಫೇಲಾದಂತೆ ಅನ್ನುವುದು ನನಗೆ ತಿಳಿಯಲು ಒಂದೂವರೆ ವರ್ಷ ಬೇಕಾಯಿತು. ಬೆಳಗಾವಿಯಲ್ಲಿ ಯಾರಿಗಾದರೂ ಜಾಹೀರಾತು ಬಂದ್ ಮಾಡಲು ಎಕ್ಸ್ ಸಿಗದೆ ಸಿಟ್ಟು ಬಂದಿದ್ದರೆ, ಅದು ನನ್ನ ಕಣ್ಣು ಚೆನ್ನಾಗಿದ್ದದ್ದರಿಂದ.

ಕಲಿಯುವುದು ಬಹಳ ಇತ್ತು. ನಮ್ಮ ಮುಖ್ಯ ಆಟ ಎಮ್ಮೆ ಸಾಕುವ ಆಟ. ಎಮ್ಮೆಗೆ ಮೇವು ಹಾಕಬೇಕು, ಮೈ ತೊಳೆಯಬೇಕು, ಹಾಲು ಹಿಂಡಬೇಕು. ಒಂದು ಹೊರೆ ಮೇವಿಗೆ ನೂರು ವಜ್ರ. ವಜ್ರ ಖರೇ ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಎಂಬತ್ತರ ಗಂಟಿನಲ್ಲಿ ಮಾತ್ರ ಸಿಗುತ್ತದೆ. ಇದನ್ನೆಲ್ಲ ಬರೆಯುತ್ತಿದ್ದವಳು ನೇಹಾ, ಇಂದೋರ್ ಕಡೆಯ ಹುಡುಗಿ. ನಮ್ಮ ಮಾತನ್ನು ಕಲಿಯುತ್ತಿದ್ದಳು. ಅವಳನ್ನು ಕೇಳಿದೆ:

“ನೂರರ ಗಂಟ ಯಾಕ ಮಾಡಿಲ್ಲವಾ?”

“ಎರಡು ಸಲ ತಗೋಬೇಕು, ಅದಕ್ಕೆ ಆಯೀ.”

“ಎರಡು ಸಲ ತಗೊಂಡ್ರ ಅರವತ್ತ ಉಳಿತಾವಲ್ಲ. ಅದಕ್ಕ ಏನ್ ಬರ್ತೈತಿ?”

“ಏನೂ ಬರಲ್ಲ. ಅದಕ್ಕೆ ಮತ್ತೆ ತಗೋತಾರೆ.”

ರವಿವಾರ ಪೇಟೆಯಲ್ಲಿ ನಮ್ಮ ಸೇಠರು ಕಾಳು ತೂಗಿದ ಮೇಲೆ ಒಂದು ಹಿಡಿ ಮೇಲೆ ಹಾಕುತ್ತಿದ್ದರು. ಕೊಸರು ಅನ್ನುತ್ತೇವೆ ಅದಕ್ಕೆ. ಎಂಥ ಜಿಪುಣನೂ ಕೊಸರು ಹಾಕುತ್ತಿದ್ದ. ನಮ್ಮ ಆಟದಲ್ಲೂ ಕೊಸರು ಇತ್ತು: ಮೊದಲ ದಿನ ಪುಕ್ಕಟೆ ಪೆಟ್ಟಿಗೆ, ಎರಡನೆಯ ದಿನ ಇನ್ನೂ ದೊಡ್ಡ ಪುಕ್ಕಟೆ ಪೆಟ್ಟಿಗೆ. ಮೂರನೆಯ ದಿನದಿಂದ ಪೆಟ್ಟಿಗೆಗೆ ಬೀಗ. ಮೊದಲು ದುಡ್ಡು, ಆಮೇಲೆ ಒಳಗೆ ಏನಿದೆ ಅಂತ ನೋಡುವುದು. ಕೊಸರನ್ನು ಮೊದಲೇ ಕೊಟ್ಟು, ಕಾಳನ್ನು ತೂಗದೇ ಇರುವ ಅಂಗಡಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

‘ಹತ್ತು ನಿಮಿಷದಲ್ಲಿ ಈ ಅಗ್ಗದ ಬೆಲೆ ಮುಗಿಯುತ್ತದೆ’ ಅನ್ನುವ ಗಡಿಯಾರವೂ ಇತ್ತು. ಮೊದಲ ಸಲ ಕಂಡಾಗ ಒಲೆಯ ಮೇಲಿನ ಚಹಾ ಬಿಟ್ಟು ಓಡಿಬಂದು ನೇಹಾಗೆ ಹೇಳಿದೆ. ಅವಳು, “ಮುಗಿಯಲ್ಲ ಆಯೀ, ಮತ್ತೆ ಹತ್ತು ನಿಮಿಷ ಶುರು ಆಗುತ್ತೆ” ಅಂದಳು. ಇದು ಮಾತ್ರ ನನಗೆ ಹೊಸದಲ್ಲ. ನಮ್ಮ ಪೇಟೆಯಲ್ಲಿ ಒಬ್ಬರು ‘ದುಕಾನ ಖಾಲಿ ಮಾಡುವುದಿದೆ, ಕೊನೆಯ ಮೂರು ದಿನ’ ಅಂತ ಬಟ್ಟೆಯ ಬೋರ್ಡು ಕಟ್ಟಿದ್ದರು. ಬೋರ್ಡು ಹರಿದಾಗ ಹೊಸದು ಬರೆಸುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಆಟ ಆಡುವವರು ಬಿಟ್ಟು ಹೊರಡುವಾಗ ಎಮ್ಮೆ ಅಳಬೇಕು, ಒಬ್ಬ ಮುದುಕಿಯ ದನಿ ತಡೆಯಬೇಕು ಅಂತ ಸಾಹೇಬರಿಗೆ ಅನ್ನಿಸಿತು. ದನಿ ನನ್ನದೇ ಆಗಲಿ ಅಂದರು. ಸಣ್ಣ ಕೋಣೆಯಲ್ಲಿ ಹೊರಗಿನ ಸದ್ದು ಬರದಂತೆ ಗೋಡೆಗೆ ಗಾದಿ ನಿಲ್ಲಿಸಿ ನನ್ನಿಂದ ಹೇಳಿಸಿದರು: “ಯಾಕವ್ವಾ, ಹೊಂಟ್ಯಾ? ಎಮ್ಮಿ ಅಳಾಕತ್ತೈತಿ ನೋಡ.” ಹನ್ನೊಂದು ಸಲ ಹೇಳಿದೆ. ದುಃಖ ಸಾಲದು ಅಂದರು. ನನಗೆ ದುಃಖ ಬರಲಿಲ್ಲ. ಫ್ಯಾನ್ ಕೆಳಗೆ ಕೂರಿಸಿ ಆಯಿ ಅಂತ ಕರೆಯುವ ಕೆಲಸ, ದುಃಖ ಎಲ್ಲಿಂದ ತರುವುದು? ಆಗ ಒಲೆಯ ಮೇಲೆ ಹಾಲು ಇಟ್ಟು ಬಂದದ್ದು ನೆನಪಾಯಿತು. ಹನ್ನೆರಡನೆಯ ಸಲ ಹೇಳಿದ್ದನ್ನು ಎಲ್ಲರೂ ಬಹಳ ಮೆಚ್ಚಿದರು. ಹಾಲು ಉಕ್ಕಿಹೋಗಿತ್ತು.

ಎರಡು ದಿನ ಬಿಟ್ಟು ನೇಹಾ ಬಂದು, “ಆಯೀ, ಮನೆ ಬಿಟ್ಟು ಹೊರಡುವಾಗ ಇಲ್ಲಿ ಜನ ಏನು ಹೇಳೋದು?” ಅಂದಳು.

“ಬರ್ತೀನಿ ಅಂತಾರ.”

ಅವಳು ಬರೆದುಕೊಂಡು ಹೋದಳು. ಯಾಕೆ ಕೇಳಿದಳು, ಎಲ್ಲಿ ಹಾಕುತ್ತಾಳೆ ಅಂತ ನಾನು ಕೇಳಲಿಲ್ಲ. ಈ ಕೆಲಸಕ್ಕೆ ಸೇರುವ ಮಕ್ಕಳೇ, ಇದು ನನ್ನ ಮೊದಲ ತಪ್ಪು.

ನಮ್ಮಲ್ಲಿ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಅದು ತಿರುಗಿ ಬರದವರ ಮಾತು. ಸಂತೆಗೆ ಹೋದರೂ ‘ಬರ್ತೀನಿ’, ಬಸ್ ಹತ್ತಿದರೂ ‘ಬರ್ತೀನಿ’. ಖಾನಾಪುರದ ಮರಾಠಿ ಮಂದಿಯೂ ಹೊರಡುವಾಗ ‘ಯೇತೇ’ ಅಂತಾರೆ, ಅದೂ ಬರ್ತೀನಿ ಅಂತಲೇ. ಇದನ್ನು ನೇಹಾಗೆ ಯಾರೂ ಹೇಳಿರಲಿಲ್ಲ. ಅವಳು ಫೋನಿನಲ್ಲಿ ಅರ್ಥ ನೋಡಿದಳಂತೆ. ‘ಬರ್ತೀನಿ’ ಅಂದರೆ ಒಳಗೆ ಬರುವುದು ಅಂತ ತೋರಿಸಿತು. ಪಾಪ ಆಯಿಗೆ ಕಿವಿ ಮಂದ, ಪ್ರಶ್ನೆ ತಿರುವಿ ಕೇಳಿಸಿದೆ ಅಂದುಕೊಂಡಳು. ನನ್ನನ್ನು ಮತ್ತೆ ಕೇಳಿ ಮುಜುಗರ ಮಾಡಬಾರದು ಅಂತ ತಾನೇ ಸರಿಪಡಿಸಿದಳು. ಎಮ್ಮೆ ಅಳುವಾಗ ಎರಡು ಗುಂಡಿ ಬರುವಂತೆ ಮಾಡಿದಳು. ದೊಡ್ಡ ಹಸಿರು ಗುಂಡಿ: ‘ಬರ್ತೀನಿ’. ಅದನ್ನು ಒತ್ತಿದರೆ ಇನ್ನೊಂದು ಆಟ ಶುರು, ಒಂದು ಹೊರೆ ಮೇವು ಖರ್ಚು. ಸಣ್ಣ ಬೂದು ಗುಂಡಿ: ‘ಹೋಗ್ತೀನಿ’. ಅದನ್ನು ಒತ್ತಿದರೆ ಬಿಡುಗಡೆ.

ಪರೀಕ್ಷೆಗೆ ನನ್ನ ಕೈಗೇ ಬಂತು. ನಾನು ಹಸಿರು ಒತ್ತಿದೆ. ಆಟ ಮತ್ತೆ ಒಳಗೆ ಕರೆಯಿತು. ನನಗೆ ಒಂಚೂರೂ ಸಂಶಯ ಬರಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಗಳು ‘ಬರ್ತೀನಿ’ ಅಂದ ಮೇಲೆ, “ನಿಂದರವ್ವಾ, ಕುಂಕುಮ ಹಚ್ಚಿಸಿಕೊಂಡ ಹೋಗ” ಅಂತ ಒಂದು ಸಲ ಒಳಗೆ ಕರೆಯುವುದು ಪದ್ಧತಿ. ಎಷ್ಟು ಚೆಂದ ಮಾಡಿದ್ದಾರೆ, ಆಟದಲ್ಲೂ ರೀತಿ-ರಿವಾಜು ಬಿಟ್ಟಿಲ್ಲ ಅಂತ ಮನಸ್ಸು ತುಂಬಿ ಬಂತು. “ಬಾಳ ಚೊಲೋ ಆಗೇತಿ” ಅಂತ ಹೇಳಿ, ಇನ್ನೊಂದು ಸಲ ಒತ್ತಿ ನೋಡದೆ, ಫೋನು ಡಬ್ಬ ಹಾಕಿ ಚಹಾ ಮಾಡಲು ಹೋದೆ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಗೆರೆ ಮೇಲೆ ಹೋಯಿತು. ಎಷ್ಟು ಹೋಯಿತೆಂದರೆ ಸಾಹೇಬರು ನಾಲ್ಕು ಕಪ್ಪು ಚಹಾ ಕುಡಿದರು. ನನ್ನನ್ನು ಕರೆದು ಎಲ್ಲರ ಎದುರು ಕುಂದಾ ಡಬ್ಬಿ ಕೊಟ್ಟರು, ಉಳಿದವರಿಗೆ ಇದ್ದಂಥ ಗಾಲಿಯ ಕುರ್ಚಿ ಕೊಟ್ಟರು. “ಆಯಿ, ನಿಮ್ಮ ಒಂದ ಶಬ್ದ ಹತ್ತ ಮಂದಿ ಕೆಲಸ ಮಾಡೇತಿ.” ನನ್ನ ಇಡೀ ದುಡಿಮೆಯಲ್ಲಿ ಸಿಕ್ಕ ಮರ್ಯಾದೆ ಇದೊಂದೇ. ಕುಂದಾ ಚೆನ್ನಾಗಿತ್ತು.

ನನ್ನ ತಂಗಿ ಮಾಳವ್ವ ಖಾನಾಪುರದಲ್ಲಿ ಇರುತ್ತಾಳೆ. ಗಂಡನದು ಹೊಲ, ಇವಳದು ಮನೆ ಮತ್ತು ಒಂದು ಎಮ್ಮೆ. ಅಕ್ಕನ ದನಿ ಫೋನಿನಲ್ಲಿ ಬರುತ್ತದೆ ಅಂತ ಕೇಳಿ ಮಗನ ಕೈಯಿಂದ ಆ ಆಟ ಹಾಕಿಸಿಕೊಂಡಿದ್ದಳು. ನನಗೂ ಖುಷಿಯೇ ಆಗಿತ್ತು. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಬಸ್ ಹಿಡಿದು ಅವಳ ಮನೆಗೆ ಹೋದೆ. ಯಾವಾಗಲೂ ಬಾಗಿಲಿಗೆ ಬಂದು ನೀರು ಕೊಡುವವಳು ಎದ್ದು ಬರಲಿಲ್ಲ. ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು. ಇವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಫೋನಿನ ಎಮ್ಮೆಯ ಮೈ ತೊಳೆಯುತ್ತಿದ್ದಳು.

“ಮಾಳವ್ವ, ಹಿತ್ತಲದಾಗ ಖರೇ ಎಮ್ಮಿ ಒದರಾಕತ್ತೈತಲ್ಲ!”

“ಕೆಚ್ಚಲ ಬಾತೈತಿ ಅದಕ್ಕ” ಅಂದಳು, ತಲೆ ಎತ್ತದೆ. “ಹಾಲ ಹಿಂಡೂದ ತಡಾ ಆಗಿ ಆಗಿ ಬಾವ ಬಂದೈತಿ. ಡಾಕ್ಟರ ಸೂಜಿ ಮಾಡಿ ಹೋಗ್ಯಾನ.”

“ಯಾಕ ತಡಾ ಮಾಡಿದಿ?”

ಆಗ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು.

“ನೀನ ಬಿಡವಲ್ಲೆಲ್ಲ ಅಕ್ಕಾ! ಬರ್ತೀನಿ ಬರ್ತೀನಿ ಅಂತ ಎಷ್ಟ ಸಲ ಒತ್ಲಿ? ಒತ್ತಿದಾಗೊಮ್ಮೆ ಮತ್ತ ಒಳಗ ಕರೀತಿ. ಮತ್ತ ಹೊಂಟ್ಯಾ ಅಂತಿ. ಹಿರ್ಯಾಕಿ, ನಿನ್ನ ಮಾತ ಮೀರಿ ಹೆಂಗ ಏಳ್ಲಿ ನಾ?”

“ಬಾಜೂಕ ಇನ್ನೊಂದ ಗುಂಡಿ ಐತೆಲ್ಲ?”

“ಅದರ ಮ್ಯಾಲ ಏನ್ ಬರದೈತಿ ಓದ ನೀ. ಅದನ್ನ ಒತ್ಲೇನ? ನಿನ್ನ ಮುಂದ?”

ಓದಿದೆ. ಫೋನಿನ ಮಗ್ಗುಲಿನ ಗುಂಡಿ ಒತ್ತಿ ಮುಚ್ಚಬಹುದಲ್ಲ ಅಂದೆ. “ಮಾತಾಡೂ ಅಕ್ಕನ ಮಾರಿ ಮ್ಯಾಲ ಬಾಗಿಲ ಹಾಕ್ದಂಗ ಆಗ್ತೈತಿ” ಅಂದಳು. ಆಮೇಲೆ ಅವಳು ಎದ್ದು ಎಮ್ಮೆಯ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಇಡಲು ಹೋದಳು. ನಾನು ಹಿಂದೆ ಹೋದೆ. ಎಮ್ಮೆ ನನ್ನನ್ನು ನೋಡಿ ಒದೆಯಿತು. ತಪ್ಪಿಲ್ಲ ಅದರದು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಮಾಳವ್ವ ಕುಂಕುಮಕ್ಕೆ ಒಳಗೆ ಕರೆಯಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲ ಸಲ.

ಸೋಮವಾರ ಹೋದವಳೇ ನೇಹಾಳನ್ನು ಹಿಡಿದೆ. ಅವಳು ಹಣೆ ಬಡಿದುಕೊಂಡಳು, “ಆಯೀ, ನಿಮಗೆ ಆವತ್ತು ಸರಿ ಕೇಳಿಸಿತ್ತಾ?” ಅಂದಳು. ಇಬ್ಬರೂ ಸಾಹೇಬರ ಹತ್ತಿರ ಹೋದೆವು. ಸಾಹೇಬರು ತಮ್ಮ ಆಟ ತಾವು ಆಡಿದವರಲ್ಲ; ಈ ಕಸುಬಿನಲ್ಲಿ ಒಡೆಯರು ಗೆರೆ ನೋಡುತ್ತಾರೆ, ಆಟ ನೋಡುವುದಿಲ್ಲ. ಎಲ್ಲ ಕೇಳಿ ಅವರು ನಕ್ಕರು. ಆಮೇಲೆ ಗೆರೆ ನೋಡಿದರು. ಆಮೇಲೆ ನಗಲಿಲ್ಲ.

“ಆಯಿ, ನಾವೇನ್ ಯಾರನ್ನೂ ಕಟ್ಟಿ ಹಾಕಿಲ್ಲ. ಬ್ಯಾಡಾದವ್ರಿಗೆ ಬೂದ ಗುಂಡಿ ಐತಿ. ಒತ್ತೂದ ಬಿಡೂದ ಅವ್ರ ಖುಷಿ.”

“ಅದನ್ನ ಯಾರೂ ಒತ್ತೂದಿಲ್ಲ ಸಾಹೇಬ್ರ.”

“ಒತ್ತಬ್ಯಾಡ್ರಿ ಅಂತ ನಾವ್ ಹೇಳೇವೇನ?”

ಗಾಲಿಯ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಅವರ ಕೋಣೆಯಲ್ಲಿ ಬಿಟ್ಟು ಬಂದೆ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅದು ಬೇರೆ ಕೆಲಸ.

ಹದಿನೈದು ದಿನದ ಮೇಲೆ ಆಟಕ್ಕೆ ಖರೇ ಎಮ್ಮೆಯ ದನಿ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಪರದೇಶದ ಯಾವುದೋ ಆಕಳಿನ ದನಿ. ಹಳ್ಳಿಯ ಕಡೆಯವರು ಬರೆದು ನಕ್ಕಿದ್ದರಂತೆ. ನನ್ನ ತಂಗಿಯ ಮನೆಯಲ್ಲಿ ಎಮ್ಮೆ ಇದೆ ಅಂದೆ. ಸಾಹೇಬರು, ನೇಹಾ, ನಾನು ಕಾರಿನಲ್ಲಿ ಖಾನಾಪುರಕ್ಕೆ ಹೋದೆವು. ಮಾಳವ್ವ ನನ್ನ ಜೊತೆ ಮಾತಾಡಲಿಲ್ಲ, ಸಾಹೇಬರಿಗೆ ನೀರು ಕೊಟ್ಟಳು. ಕೆಚ್ಚಲು ಇಳಿದಿತ್ತು. ಎರಡು ತಾಸು ಕಾದ ಮೇಲೆ ಎಮ್ಮೆ ಒಂದು ಸಲ ಒದರಿತು, ನೇಹಾ ಆ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡಳು. ಚಹಾ ಆಯಿತು. ಸಾಹೇಬರು ಎದ್ದು ಕೈ ಮುಗಿದರು.

“ಬರ್ತೀನ್ರಿ ಕಾಕೂ.”

ನಾನು ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು.

“ಬರ್ತೀನಿ ಅಂದ್ರೆಲ್ಲ? ಬರ್ರಿ ಮತ್ತ, ಕುಂದರ್ರಿ. ಮಾಳವ್ವ, ಸಾಹೇಬ್ರಿಗೆ ಅವಲಕ್ಕಿ ಹಚ್ಚ.”

ಮನೆಗೆ ಬಂದವರಿಗೆ ತಿನ್ನಲು ಕೊಡುವುದರಲ್ಲಿ ಮಾಳವ್ವನಿಗೆ ಯಾವ ಸಿಟ್ಟೂ ಅಡ್ಡ ಬರುವುದಿಲ್ಲ. ಅವಲಕ್ಕಿ ಬಂತು. ಸಾಹೇಬರು ಮರ್ಯಾದೆಗೆ ತಿಂದರು. ಮತ್ತೆ ಎದ್ದರು.

“ತಡಾ ಆತು. ಬರ್ತೀನಿ.”

“ಬರ್ರಿ, ಕುಂದರ್ರಿ. ಮಾಳವ್ವ, ಎರಡ ಥಾಲಿಪಟ್ಟ ಬಡಿ. ಬೆಣ್ಣಿ ಇಡ ಮ್ಯಾಲ.”

ನೇಹಾಗೆ ಆಗಲೇ ತಿಳಿದಿತ್ತು. ಅವಳು ಸೆರಗು ಇಲ್ಲದವಳು, ಓಢಣಿ ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಸಾಹೇಬರು ಥಾಲಿಪಟ್ಟು ಮುಗಿಸಿ ಬೆವರು ಒರೆಸಿಕೊಂಡು ಮೂರನೆಯ ಸಲ ‘ಬರ್ತೀನಿ’ ಅಂದರು. ಮಾಳವ್ವ ನಾನು ಹೇಳುವ ಮೊದಲೇ ಶೇಂಗಾ ಹೋಳಿಗೆಗೆ ತುಪ್ಪ ಹಾಕಿ ತಂದಿಟ್ಟಳು.

“ಆಯಿ, ಏನ್ರಿ ಇದು?” ಅಂದರು ಸಾಹೇಬರು.

“ನೀವ ಹಸರ ಗುಂಡಿ ಒತ್ತಾಕತ್ತೀರಿ ಸಾಹೇಬ್ರ. ನಾ ಏನ್ ಮಾಡ್ಲಿ? ನಾವೇನ ನಿಮ್ಮನ್ನ ಕಟ್ಟಿ ಹಾಕಿಲ್ಲ. ಬೂದ ಗುಂಡಿ ಐತೆಲ್ಲ, ಒತ್ರಿ. ಬಿಡ್ತೀವಿ.”

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಕ್ಕರು. “ಆತು ತಗೋರಿ. ಅದರಾಗೇನೈತಿ, ಅಂದ್ ಬಿಡ್ತೀನಿ” ಅಂತ ನೆಟ್ಟಗೆ ನಿಂತರು. ಎದುರಿಗೆ ಮಾಳವ್ವ ತುಪ್ಪದ ಚಮಚೆ ಹಿಡಿದು ನಿಂತಿದ್ದಳು. ಹಿಂದೆ ದೇವರ ಗೂಡಿನಲ್ಲಿ ದೀಪ ಇತ್ತು.

“ಹೋ...” ಅಂದರು.

ನಾವು ಕಾದೆವು.

“ಹೋ... ಹೋಗಿ ಬರ್ತೀನಿ.”

“ಅದರಾಗ ಬರ್ತೀನಿ ಐತಿ. ಕುಂದರ್ರಿ.”

ಮತ್ತೆ ಬಾಯಿ ತೆರೆದರು. ಈ ಸಲ ಮಾಳವ್ವನಿಗೆ ಅಂಜಿಕೆಯಾಯಿತು. “ಬ್ಯಾಡ್ರಿ ಸಾಹೇಬ್ರ, ಉಂಡ ಮನ್ಯಾಗ ಆ ಮಾತ ಆಡಬ್ಯಾಡ್ರಿ! ಬೇಕಾದ್ರ ಇನ್ನೊಂದ ಹೋಳಿಗಿ ತಿನ್ರಿ!” ಅಂತ ಚಮಚೆ ಅಡ್ಡ ಹಿಡಿದಳು. ಸಾಹೇಬರು ಬಾಯಿ ಮುಚ್ಚಿದರು. ನಿಧಾನವಾಗಿ ಚಾಪೆಯ ಮೇಲೆ ಕೂತರು. ಹೋಳಿಗೆ ಮುರಿದರು.

“ಬೂದ ಗುಂಡಿ ಯಾರೂ ಒತ್ತೂದಿಲ್ಲ ಅಂದ್ರಿ ನೀವು” ಅಂದರು ಕೊನೆಗೆ.

“ಅಂದಿದ್ದೆ.”

“ನೇಹಾ, ನಾಳೆ ಬದಲಿ ಮಾಡ್ರಿ ಅದನ್ನ.”

ನೇಹಾ ಮರುದಿನದ ತನಕ ಕಾಯಲಿಲ್ಲ. ವಾಪಸ್ ಬರುವಾಗ ಕಾರಿನಲ್ಲೇ ಕೂತು ಮಾಡಿದಳು. ಒಂದೇ ಹಸಿರು ಗುಂಡಿ, ‘ಬರ್ತೀನಿ’. ಒತ್ತಿದರೆ ಆಟ ಮುಚ್ಚುತ್ತದೆ. ನನ್ನ ದನಿಯ ಹಳೆಯ ಮಾತನ್ನೂ ತೆಗೆಸಿದೆ. ಬೇರೆ ಹೇಳಿಕೊಟ್ಟೆ: “ಹುಷಾರ ಹೋಗಿ ಬಾರವ್ವಾ.” ಇದನ್ನು ಒಂದೇ ಸಲಕ್ಕೆ ಹೇಳಿದೆ, ಯಾವ ಹಾಲೂ ಉಕ್ಕಲಿಲ್ಲ. ಆ ದಿನ ಖಾನಾಪುರದಿಂದ ನಾವು ಹೊರಡುವ ಮೊದಲು ಮಾಳವ್ವ ನನ್ನನ್ನು ಒಳಗೆ ಕರೆದು ಕುಂಕುಮ ಹಚ್ಚಿದ್ದಳು. “ಹಟಮಾರಿ” ಅಂದಳು. ಯಾರಿಗೆ ಅಂದಳೋ, ನಾನು ಕೇಳಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಗೆರೆ ಕೆಳಗೆ ಬಂತು, ಸಾಹೇಬರ ಚಹಾ ಬಹಳ ದಿನ ಆರಿತು. ಎಂಬತ್ತರ ಗಂಟು ಹಾಗೇ ಇತ್ತು. ಗಡಿಯಾರದಲ್ಲಿ ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ. ಎಕ್ಸ್ ಗುರುತು ಗಸಗಸೆಗಿಂತ ಸಣ್ಣದಾಯಿತು. ಅದಕ್ಕೆ ಯಾವ ಕಾಳಿನ ಹೆಸರು ಹೇಳಬೇಕೋ ನನಗೆ ಗೊತ್ತಿಲ್ಲ. ನಾನು ಒಂದು ಕಲ್ಲು ಆರಿಸಿದೆ, ಚೀಲದಲ್ಲಿ ಉಳಿದವು ಬಹಳ. ಆಮೇಲೆ ಮೊಣಕಾಲು ಮಾಳಿಗೆಯ ಮೆಟ್ಟಿಲು ಹತ್ತಲು ಒಲ್ಲೆ ಅಂದವು, ಬಿಟ್ಟೆ. ಕೊನೆಯ ದಿನ ಸಾಹೇಬರು ಬಾಗಿಲ ತನಕ ಬಂದರು. ‘ಬರ್ತೀನ್ರಿ’ ಅಂದೆ. ಕೂಡಲೇ ಎರಡೂ ಕೈಯಲ್ಲಿ ಬಾಗಿಲು ಅಗಲ ಮಾಡಿದರು.

ಪಾರೂ, ನಿನಗೆ ಹೇಳುವುದು ಇಷ್ಟೇ. ಯಾವ ಶಬ್ದ ಕೇಳಿದರೂ ಅದನ್ನು ಎಲ್ಲಿ ಹಾಕುತ್ತೀರಿ ಅಂತ ಕೇಳು. ಎಲ್ಲರೂ ಮೆಚ್ಚಿ ಕುಂದಾ ಕೊಟ್ಟರೆ ಮೊದಲು ತಿನ್ನು, ಆಮೇಲೆ ನೀನು ಏನು ಕೆಡಿಸಿದೆ ಅಂತ ಹುಡುಕು. ನೀನು ಬರೆದದ್ದನ್ನು ನಿನಗೆ ಬೇಕಾದ ಒಬ್ಬರು ಕೈಯಲ್ಲಿ ಹಿಡಿದು ಕೂತಿದ್ದಾರೆ ಅಂತ ತಿಳಿದು ಬರೆ. ನನಗೆ ಮಾಳವ್ವ ಇದ್ದಳು. ನಿನಗೆ ನಾನಿದ್ದೇನೆ. ನನ್ನ ಫೋನಿನಲ್ಲಿ ಇನ್ನೂ ಜಾಗ ಇದೆ.

ಇಷ್ಟು ಬರೆದು ಮಾಸ್ತರರಿಗೆ ಕೊಟ್ಟಿದ್ದೆ. ಉಳಿದ ನಾಲ್ಕು ಸಾಲನ್ನು ಇವತ್ತು, ಸೋಮವಾರ, ಬರೆಯುತ್ತಿದ್ದೇನೆ.

ಪಾರೂ ಒಂಬತ್ತಕ್ಕೇ ತಯಾರಾದಳು. ಮೊಸರು-ಸಕ್ಕರೆ ತಿನ್ನಿಸಿದೆ. ನಮ್ಮ ಮನೆಯವರು ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು, ತಾವೇ ಕೆಲಸಕ್ಕೆ ಹೊರಟಂತೆ. ನಾನು ಕುಂಕುಮದ ಭರಣಿ ತರಲು ಒಳಗೆ ಹೋಗಿದ್ದೆ. ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿಬಿಟ್ಟಿದ್ದಳು.

“ಆಯಿ, ಬರ್ತೀನಿ!”

ನಿಂದರವ್ವಾ, ಒಳಗ ಬಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಖುಷಿ ಅವಳನ್ನು ಹತ್ತು ಸಲ ಒಳಗೆ ಕರೆಯುವಷ್ಟಿತ್ತು. ಕರೆಯಲಿಲ್ಲ. ಭರಣಿ ಹಿಡಿದು ನಾನೇ ಹೊರಗೆ ಹೋಗಿ, ಓಣಿಯಲ್ಲಿ ನಿಲ್ಲಿಸಿ, ಹಣೆಗೆ ಹಚ್ಚಿದೆ.

“ಹುಷಾರ ಹೋಗಿ ಬಾರವ್ವಾ” ಅಂದೆ.

“ಇದನ್ನ ಎಲ್ಲೋ ಕೇಳಿದಂಗ ಐತಿ” ಅಂತ ನಕ್ಕು ಹೋದಳು.

ಸಂಜೆ ಬಂದಳು. ಬರ್ತೀನಿ ಅಂದಿದ್ದಳಲ್ಲ.